ನಾರ್ಫೋಕ್‌ನ ಊರುಗಳು ನನ್ನ ನಾಲಿಗೆಗೆ ಬಂದ ಬಗೆ

ಇಂಗ್ಲೆಂಡಿನ ನಾರ್ಫೋಕ್ ಜಿಲ್ಲೆಯಲ್ಲಿ ನಾನು ಮನೆಮನೆಗೆ ಹೋಗುವ ನರ್ಸ್ ಆಗಿದ್ದೆ. 2021ರ ಜೂನ್ ತಿಂಗಳ ಒಂದು ಬೆಳಿಗ್ಗೆ, ಏಳೂಕಾಲರ ಹೊತ್ತಿಗೆ, ಆಫೀಸಿನಿಂದ ಫೋನ್ ಬಂತು. ಹಾಬಿಸ್‌ನಲ್ಲಿ ಒಬ್ಬರು ಅಜ್ಜಿ ಇದ್ದಾರೆ, ಬೆಳಗಿನ ಇನ್ಸುಲಿನ್ ಕೊಡಬೇಕು, ದಿನಾ ಹೋಗುವ ನರ್ಸ್‌ಗೆ ಹುಷಾರಿಲ್ಲ, ಹೇಗೂ ನಿಮ್ಮ ದಾರಿಯಲ್ಲೇ ಸಿಗುತ್ತೆ, ಮೊದಲು ಅಲ್ಲಿಗೇ ಹೋಗಿ ಅಂದರು. ವಿಳಾಸ ಕಳಿಸುತ್ತೇನೆ ಅಂದದ್ದು ಬರಲಿಲ್ಲ. ಆ ಭಾಗದಲ್ಲಿ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಕೋಲ್ಟಿಶಲ್ ದಾಟಿ ರಸ್ತೆ ಬದಿಗೆ ಕಾರು ನಿಲ್ಲಿಸಿದೆ. ಫೋನಿನಲ್ಲಿ ಮೊದಲೇ ಇಳಿಸಿಕೊಂಡಿದ್ದ ಮ್ಯಾಪಿನಲ್ಲಿ ಎಚ್, ಓ, ಬಿ, ಬಿ, ಐ, ಎಸ್ ಅಂತ ಒತ್ತಿದೆ. ಇಲ್ಲ. ಒಂದು ಬಿ ತೆಗೆದೆ. ಇಲ್ಲ. ಕೊನೆಯ ಎಸ್ ಬದಲು ಸಿ ಹಾಕಿ ನೋಡಿದೆ, ಎಚ್ ಬಿಟ್ಟು ನೋಡಿದೆ. ಎರಡು ಸಲ ಮುಂದೆ ಹೋಗಿ ಎರಡು ಸಲ ತಿರುಗಿ ಬಂದೆ. ನಾನು ಕಾರು ನಿಲ್ಲಿಸಿದ್ದ ಜಾಗದ ಎದುರಿಗೇ ಒಂದು ಕೈಮರ ಇತ್ತು. ಅದರ ಮೇಲೆ ಗ್ರೇಟ್ ಅನ್ನುವ ಪದ, ಅದರ ಮುಂದೆ ಎಚ್, ಎ, ಯು, ಟಿ, ಬಿ, ಓ, ಐ, ಎಸ್. ಅದನ್ನು ನಾನು 'ಹೌಟ್‌ಬಾಯ್ಸ್' ಅಂತ ಓದಿಕೊಂಡಿದ್ದೆ. ನಾಯಿ ಕರೆದುಕೊಂಡು ಬರುತ್ತಿದ್ದ ಒಬ್ಬರನ್ನು ತಡೆದು ಕೇಳಿದಾಗ ಅವರು ಆ ಕೈಮರವನ್ನೇ ತೋರಿಸಿದರು. ಅದೇ ಹಾಬಿಸ್.

ನಾನು ತಲುಪಿದಾಗ ನಲವತ್ತು ನಿಮಿಷ ತಡವಾಗಿತ್ತು. ಅಜ್ಜಿ ತಿಂಡಿ ತಿನ್ನದೆ ಕಾಯುತ್ತಿದ್ದರು. ಮೇಜಿನ ಮೇಲೆ ಬಟ್ಟಲಿನಲ್ಲಿದ್ದ ಓಟ್ಸ್ ಗಂಜಿ ಕೆನೆಗಟ್ಟಿತ್ತು. ಅವರಿಗೆ ಏನೂ ಆಗಿರಲಿಲ್ಲ, ಯಾರೂ ನನ್ನನ್ನು ಬೈಯಲಿಲ್ಲ. ಆದರೆ ಕಾರಿಗೆ ವಾಪಸ್ ಬಂದು ಕೂತಾಗ ನನ್ನ ಕೈ ನಡುಗುತ್ತಿತ್ತು. ಒಂದು ಊರಿನ ಹೆಸರು ಗೊತ್ತಿಲ್ಲದ್ದಕ್ಕೆ ಎಂಬತ್ತು ದಾಟಿದ ಜೀವ ಹಸಿದು ಕೂತಿತ್ತು.

ನಾನು ಹಾಸನ ಜಿಲ್ಲೆಯ ಅರಕಲಗೂಡಿನವಳು. ಬೆಂಗಳೂರಿನಲ್ಲಿ ನರ್ಸಿಂಗ್ ಓದಿ, ಅಲ್ಲೇ ಆರು ವರ್ಷ ಕೆಲಸ ಮಾಡಿ, ಆಸ್ಪತ್ರೆ ಕೆಲಸದವರಿಗಾಗಿ ಇರುವ ಇಂಗ್ಲಿಷ್ ಪರೀಕ್ಷೆ ಓಇಟಿ ಬರೆದು 2019ರಲ್ಲಿ ನಾರ್ಫೋಕ್‌ನ ನಾರಿಚ್ ನಗರಕ್ಕೆ ಬಂದೆ. ಓಇಟಿಯಲ್ಲಿ ಕೇಳಿಸಿಕೊಳ್ಳುವುದಕ್ಕೂ ಮಾತಾಡುವುದಕ್ಕೂ ಬೇರೆಬೇರೆ ಪರೀಕ್ಷೆ ಇರುತ್ತದೆ, ಎರಡರಲ್ಲೂ ಒಳ್ಳೆಯ ಅಂಕ ಬಂದಿತ್ತು. ವಾರ್ಡಿನಲ್ಲಿದ್ದ ಎರಡು ವರ್ಷ ಊರ ಹೆಸರಿನ ಗೊಡವೆಯೇ ಇರಲಿಲ್ಲ. ರೋಗಿ ಮಂಚದ ಮೇಲೆ ಇರುತ್ತಾರೆ, ಅವರ ಊರು ಫೈಲಿನಲ್ಲಿ ಇರುತ್ತದೆ. ಕಣ್ಣಲ್ಲಿ ಓದಿಕೊಂಡರೆ ಮುಗಿಯಿತು. ಮನೆಮನೆಗೆ ಹೋಗುವ ಕಮ್ಯೂನಿಟಿ ನರ್ಸ್ ಆದ ಮೇಲೆ ಮಾತ್ರ ಹೆಸರು ಕಿವಿಯಿಂದ ಬರುವುದಕ್ಕೆ, ಬಾಯಿಂದ ಹೋಗುವುದಕ್ಕೆ ಶುರುವಾಯಿತು.

ಆ ಸಂಜೆಯೇ ಒಂದು ನೂರು ಪುಟದ ನೋಟ್‌ಬುಕ್ ತಂದು ಪ್ರತಿ ಪುಟದ ನಡುವೆ ಗೆರೆ ಎಳೆದೆ. ಎಡಗಡೆ ಬೋರ್ಡಿನಲ್ಲಿರುವ ಸ್ಪೆಲಿಂಗ್. ಬಲಗಡೆ ಆ ಊರಿನವರು ಹೇಳುವ ಹಾಗೆ, ಕನ್ನಡದಲ್ಲಿ. ಮೊದಲ ಸಾಲು ಹಾಬಿಸ್. ಎರಡನೆಯ ಸಾಲು ನಾನು ಬಾಡಿಗೆಗಿದ್ದ ಊರೇ.

ಆ ಊರಿನ ಸ್ಪೆಲಿಂಗ್ ನೋಡಿದರೆ ಯಾರಾದರೂ 'ಕಾಸ್ಟೆಸ್ಸಿ' ಅಂತಲೇ ಓದುತ್ತಾರೆ. ನಾನೂ ಎರಡು ವರ್ಷ ಹಾಗೇ ಹೇಳಿಕೊಂಡಿದ್ದೆ. ಬಸ್ ಡ್ರೈವರ್‌ಗೂ, ಪಕ್ಕದ ಮನೆಯವರಿಗೂ, ಬ್ಯಾಂಕಿನಲ್ಲೂ. ಅದು 'ಕಾಸಿ' ಅಂತ ಆಫೀಸಿನ ಅಡುಗೆಮನೆಯಲ್ಲಿ ಚಹಾ ಮಾಡಿಕೊಳ್ಳುವಾಗ ರಿಸೆಪ್ಷನ್ನಿನ ಹಿರಿಯಾಕೆ ಹೇಳಿದರು. "ಎರಡು ವರ್ಷದಿಂದ ಯಾರೂ ತಿದ್ದಲಿಲ್ಲವಲ್ಲ" ಅಂದೆ. "ತಿದ್ದಿದರೆ ನಿನಗೆ ಬೇಜಾರಾಗುತ್ತೆ ಅಂದುಕೊಂಡಿರುತ್ತಾರೆ ಕಣಮ್ಮ" ಅನ್ನುವ ಅರ್ಥದ ಮಾತು ಹೇಳಿದರು. ಅವರೇ ನನ್ನ ಮೊದಲ ಪುಟವನ್ನು ತುಂಬಿಸಿಕೊಟ್ಟವರು. ಡಬ್ಲ್ಯೂ, ವೈ, ಎಂ, ಓ, ಎನ್, ಡಿ, ಎಚ್, ಎ, ಎಂ ಅಂತ ಒಂಬತ್ತು ಅಕ್ಷರ ಬರೆದು ಅದನ್ನು 'ವಿಂಡಮ್' ಅನ್ನುತ್ತಾರೆ. 1107ರಲ್ಲಿ ಸ್ಥಾಪನೆಯಾದ ಮಠದ ಎರಡು ಗೋಪುರಗಳು ದೂರದಿಂದಲೇ ಕಾಣುವ ಊರು ಅದು. 1549ರಲ್ಲಿ ರಾಬರ್ಟ್ ಕೆಟ್‌ನ ರೈತ ದಂಗೆ ಎದ್ದದ್ದು ಅಲ್ಲಿಂದಲೇ. ಪೋಸ್ಟ್ ಮತ್ತು ವಿಕ್ ಸೇರಿಸಿ ಬರೆದದ್ದು 'ಪಾಜಿಕ್'. ರೀಪ್ ಮತ್ತು ಹ್ಯಾಮ್ ಸೇರಿಸಿದ್ದು 'ರೀಫಮ್'. ಹೋವ್‌ಟನ್ ಅಂತ ಕಾಣುವುದು 'ಹಾಫ್ಟನ್'. ಟ್ಯಾಕೋಲ್ನೆಸ್ಟನ್ ಅಂತ ಬರೆದದ್ದು 'ಟ್ಯಾಕಲ್‌ಸ್ಟನ್'.

ಅಮ್ಮನಿಗೆ ಫೋನಿನಲ್ಲಿ ಹೇಳಿದೆ, ನಾನಿರುವ ಊರಿನ ಹೆಸರು ಕಾಸಿ ಅಂತೆ ಅಂತ. "ಕಾಶೀನಾ? ಅಲ್ಲೂ ಒಂದು ಕಾಶಿ ಐತಾ?" ಅಂದರು. ಕೋಸ್ಟ್ ಅನ್ನುವವನೊಬ್ಬನ ದ್ವೀಪ ಅಂತ ಅರ್ಥವಂತೆ ಅಮ್ಮ, ನೀರಿನ ನಡುವಿನ ದಿಬ್ಬ ಅಂದೆ. "ಹೊಳೆ ಹತ್ರ ಇದ್ಮೇಲೆ ಕಾಶೀನೇ ಬಿಡು" ಅಂದರು. ಅವತ್ತಿನಿಂದ ನಮ್ಮ ಬೀದಿಯಲ್ಲಿ ಯಾರು ಕೇಳಿದರೂ ಮಗಳು ಕಾಶಿಯಲ್ಲಿದ್ದಾಳೆ ಅಂತಲೇ ಹೇಳುತ್ತಾರೆ.

ನೋಟ್‌ಬುಕ್ಕಿನ ಅರ್ಧಕ್ಕಿಂತ ಹೆಚ್ಚು ಸಾಲು ಬಂದದ್ದು ಮಾತ್ರ ಒಂದೇ ಮನೆಯಿಂದ. ಸಮುದ್ರದ ಅಂಚಿನ ಹಳ್ಳಿಯಲ್ಲಿ ಒಬ್ಬರೇ ಇದ್ದ ಅಜ್ಜ. ಜೀವಮಾನವೆಲ್ಲ ಬೇರೆಯವರ ಹೊಲದಲ್ಲಿ ಸಕ್ಕರೆ ಬೀಟ್‌ರೂಟ್, ಬಾರ್ಲಿ ಬೆಳೆದವರು. ಎಡಗಾಲಿನಲ್ಲಿ ವಾಸಿಯಾಗದ ಹುಣ್ಣು. ವಾರಕ್ಕೆ ಎರಡು ಸಲ ಹೋಗಿ ಡ್ರೆಸ್ಸಿಂಗ್ ಬದಲಿಸಬೇಕಿತ್ತು. ಮೊದಲು ಹತ್ತಿಯಂಥ ಮೆತ್ತನೆ ಪದರ, ಅದರ ಮೇಲೆ ಕ್ರೇಪ್, ಆಮೇಲೆ ಎಳೆದು ಬಿಗಿಯುವ ಪದರ, ಕೊನೆಗೆ ತನಗೆ ತಾನೇ ಅಂಟಿಕೊಳ್ಳುವ ಪದರ. ಕಾಲ್ಬೆರಳಿನ ಬುಡದಿಂದ ಮೊಣಕಾಲಿನವರೆಗೆ ಸುತ್ತುವ ಹೊತ್ತಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತು ನಾನು ನೆಲದ ಮೇಲೆ ಮೊಣಕಾಲೂರಿ ಕೂತಿರುತ್ತಿದ್ದೆ, ಅವರು ಕುರ್ಚಿಯಲ್ಲಿ ಊರುಗೋಲು ಹಿಡಿದು ಕೂತಿರುತ್ತಿದ್ದರು.

ಮೊದಲ ದಿನ ಬಾಗಿಲಲ್ಲೇ, "ಹ್ಯಾಪಿಸ್‌ಬರ್ಗ್‌ಗೆ ಇದೇ ಮೊದಲ ಸಲ ಬರುತ್ತಿರುವುದು" ಅಂದೆ. ಅಜ್ಜ ಸ್ವಲ್ಪ ಹೊತ್ತು ಯೋಚಿಸಿ, "ಆ ಹೆಸರಿನ ಊರು ನನಗೆ ಗೊತ್ತಿಲ್ಲ. ಇದು ಹೇಜ್‌ಬ್ರ" ಅಂದರು. ಗದರಿಕೆ ಇರಲಿಲ್ಲ ಆ ದನಿಯಲ್ಲಿ. ಒಳಗೆ ಬಾ ಅಂತ ಬಾಗಿಲು ಪೂರ್ತಿ ತೆರೆದರು.

ಹೇಜ್‌ಬ್ರ. ನಾನು ತಿರುಗಿ ಹೇಳಿದೆ. ಅವರಿಗೆ ಸಮಾಧಾನವಾಗಲಿಲ್ಲ. ನಾನು ಎರಡು ಭಾಗಕ್ಕೂ ಒಂದೇ ತೂಕ ಕೊಡುತ್ತಿದ್ದೆ, ನಾವು ಕನ್ನಡದಲ್ಲಿ ಕೊಡುವ ಹಾಗೆ. ಅವರು ಊರುಗೋಲನ್ನು ನೆಲಕ್ಕೆ ಒಮ್ಮೆ ಕುಟ್ಟಿದರು: ಹೇಜ್! ಆಮೇಲೆ ಕೋಲನ್ನು ಎತ್ತಿ ಗಾಳಿಯಲ್ಲಿ ಹಿಡಿದುಕೊಂಡೇ, ಉಸಿರು ಬಿಟ್ಟ ಹಾಗೆ, ಬ್ರ. ಕೋಲು ಬಿದ್ದ ಕಡೆ ಒತ್ತು, ಮಿಕ್ಕದ್ದು ಬಾಯಿಂದ ಜಾರಿ ಬೀಳಬೇಕು. ಹಲಗೆ ನೆಲದ ಮೇಲೆ ಮೊಣಕಾಲೂರಿದ್ದ ನನಗೆ ಆ ಕುಟ್ಟಿದ ಪೆಟ್ಟು ಮೂಳೆಗೆ ತಾಗುತ್ತಿತ್ತು. ಬ್ಯಾಂಡೇಜಿನ ಪದರ ಸುತ್ತುತ್ತ ಅವರ ಕೋಲಿನ ಲಯಕ್ಕೆ ಹೇಳುತ್ತ ಹೋದೆ. ವಿಂಡಮ್: ಕುಟ್ಟು, ಜಾರು. ಸ್ವಾಫಮ್: ಕುಟ್ಟು, ಜಾರು. ಯಾರ್ಮತ್: ಕುಟ್ಟು, ಜಾರು. ನಾಲ್ಕನೆಯ ಪದರ ಮುಗಿಯುವ ಹೊತ್ತಿಗೆ ನನ್ನ 'ಹೇಜ್‌ಬ್ರ' ಕೇಳಿ ಅವರು ಕೋಲನ್ನು ಗೋಡೆಗೆ ಒರಗಿಸಿದರು.

ಓಇಟಿಗೆ ತಯಾರಿ ಮಾಡುವಾಗ ಈ ಒತ್ತಿನ ವಿಷಯ ಪುಸ್ತಕದಲ್ಲಿ ಓದಿರಲಿಲ್ಲ ಅಂತಲ್ಲ. ಅದು ನನ್ನ ಮೈಗೆ ಇಳಿದದ್ದು ಮಾತ್ರ ಅವತ್ತು. ಇಂಗ್ಲಿಷಿನ ಹಳೆಯ ಊರ ಹೆಸರುಗಳಲ್ಲಿ ಸಾಮಾನ್ಯವಾಗಿ ಒತ್ತು ಮೊದಲ ಭಾಗಕ್ಕೆ ಬೀಳುತ್ತದೆ. ಒತ್ತು ಬೀಳದ ಸ್ವರಗಳೆಲ್ಲ ತಲೆಮಾರಿನಿಂದ ತಲೆಮಾರಿಗೆ ಸವೆದು ಒಂದು ಸಣ್ಣ 'ಅ' ಆಗಿ ಉಳಿಯುತ್ತವೆ. ಇನ್ನೂ ಸವೆದರೆ ಅದೂ ಇಲ್ಲ. ಬಾಯಿ ಹೀಗೆ ಸವೆಸುತ್ತಿದ್ದರೆ ಬರವಣಿಗೆ ನಿಂತಲ್ಲೇ ನಿಂತಿತು. ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚಿನ ಯಂತ್ರ ಹೂಡಿದ್ದು 1476ರಲ್ಲಿ. ಅಲ್ಲಿಂದ ಮುಂದೆ ಸ್ಪೆಲಿಂಗ್ ನಿಧಾನವಾಗಿ ಗಟ್ಟಿಯಾಗುತ್ತ ಹೋಯಿತು, ನಾಲಿಗೆ ತನ್ನ ದಾರಿ ಹಿಡಿದು ಹೋಯಿತು. ಕೆಲವು ಕಡೆ ಗುಮಾಸ್ತರೂ ಕೈಯಾಡಿಸಿದ್ದಾರೆ. ಹಾಬಿಸ್‌ನ ಸ್ಪೆಲಿಂಗ್ ನೋಡಿದರೆ ಫ್ರೆಂಚಿನ 'ಎತ್ತರದ ಕಾಡು' ಅನ್ನುವಂತಿದೆ. ಆದರೆ ಊರಿನವರ ಬಾಯಲ್ಲಿ ಉಳಿದಿರುವುದು ಆ ಫ್ರೆಂಚ್ ಅಂಗಿ ತೊಡಿಸುವುದಕ್ಕೂ ಮೊದಲಿನ ಹೆಸರು. ನನಗೆ ಇದು ತುಂಬಾ ದೊಡ್ಡ ವಿಷಯವಾಗಿ ಕಂಡಿತು. ಓದುಬರಹ ಬಲ್ಲವರು ಕಾಗದದ ಮೇಲೆ ಏನೇ ಬರೆದುಕೊಂಡರೂ, ಹೊಲ ಉಳುವವರು ತಮ್ಮ ಊರನ್ನು ತಮ್ಮ ಹಾಗೇ ಕರೆದುಕೊಂಡು ಬಂದಿದ್ದಾರೆ.

ಇದು ನಮಗೆ ಹೊಸದಲ್ಲ ಅಂತ ಹೊಳೆದದ್ದು ಒಂದು ಭಾನುವಾರ. ಅಣ್ಣನ ಮಗನ ನಾಮಕರಣಕ್ಕೆ ಯಾರ್ಯಾರು ಬಂದಿದ್ದರು ಅಂತ ಅಮ್ಮ ಫೋನಿನಲ್ಲಿ ಹೇಳುತ್ತಿದ್ದರು. "ಚನ್ರಾಯ್ಪಟ್ನದವ್ರು ಬಂದಿದ್ರು, ಮಲ್ಲಿಪಟ್ಣದ ಚಿಕ್ಕಮ್ಮ ಬಂದಿದ್ರು, ತೀರ್ಥಳ್ಳಿಯವ್ರೊಬ್ರು ಬರ್ಲಿಲ್ಲ ನೋಡು." ನಾನು ನೋಟ್‌ಬುಕ್ ತೆರೆದುಕೊಂಡೇ ಕೂತಿದ್ದೆ. ತೀರ್ಥಹಳ್ಳಿಯ 'ಹ' ಎಲ್ಲಿ ಹೋಯಿತು? ಚನ್ನರಾಯಪಟ್ಟಣ ಬೋರ್ಡಿನ ಮೇಲೆ ಏಳು ಅಕ್ಷರ, ಅಮ್ಮನ ಬಾಯಲ್ಲಿ ನಾಲ್ಕೇ ತುಂಡು. ಅರಕಲಗೂಡು ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಕೂಗುವುದು "ಹಾಸ್ನ ಹಾಸ್ನ ಹಾಸ್ನ" ಅಂತ. ಹಾ-ಸ-ನ ಅಂತ ಬಿಡಿಸಿ ಕೂಗುವ ಕಂಡಕ್ಟರನ್ನು ನಾನು ಕಂಡಿಲ್ಲ.

ಇಂಗ್ಲಿಷಿನ 'ಹ್ಯಾಮ್' ಮತ್ತು ನಮ್ಮ 'ಹಳ್ಳಿ' ಅರ್ಥದಲ್ಲೂ ಹತ್ತಿರ, ಗತಿಯಲ್ಲೂ ಹತ್ತಿರ. ಹಳೆಯ ಇಂಗ್ಲಿಷಿನಲ್ಲಿ ಹ್ಯಾಮ್ ಅಂದರೆ ಮನೆ, ಒಕ್ಕಲು, ಊರು. ಇವತ್ತಿನ ಹೋಮ್ ಅದರದೇ ಕುಲ. ವಿಂಡಮ್ ಅಂದರೆ ವಿಗ್ಮಂಡ್ ಅನ್ನುವವನ ಊರು. ನಮ್ಮ ಕಡೆಯ ಮಾರೇನಹಳ್ಳಿ, ಬೊಮ್ಮೇನಹಳ್ಳಿಗಳ ಹಾಗೆ. ಹಳ್ಳಿಯ ಹಕಾರ ಬಿದ್ದು 'ಳ್ಳಿ' ಉಳಿದಂತೆ ಹ್ಯಾಮ್‌ನ ಹಕಾರ ಬಿದ್ದು 'ಅಮ್' ಉಳಿದಿದೆ. ಇದು ತಿಳಿದ ಮೇಲೆ ನನಗೆ ನಾರ್ಫೋಕ್‌ನ ಬೋರ್ಡುಗಳ ಮೇಲಿನ ಸಿಟ್ಟು ಹೋಯಿತು. ದಿನಾ ಹೇಳುವ ಹೆಸರನ್ನು ಯಾರೂ ಪೂರ್ತಿ ಹೇಳುವುದಿಲ್ಲ. ವ್ಯತ್ಯಾಸ ಇಷ್ಟೇ: ನಮ್ಮ ಬರವಣಿಗೆಗೂ ಮಾತಿಗೂ ಒಂದು ಹೆಜ್ಜೆ ದೂರ, ಅವರದಕ್ಕೆ ಐನೂರು ವರ್ಷ ದೂರ.

ಕನ್ನಡ ಲಿಪಿ ಈ ಕೆಲಸಕ್ಕೆ ಎಷ್ಟು ಚೆನ್ನಾಗಿ ಒದಗಿತು ಅನ್ನುವುದನ್ನು ಹೇಳಲೇಬೇಕು. 'ವಿಂಡಮ್'ನ ಡಕಾರದೊಳಗಿನ ಸಣ್ಣ ಅ, 'ಹೇಜ್‌ಬ್ರ'ದ ಕೊನೆಯ ಅ, ಇವನ್ನು ಇಂಗ್ಲಿಷಿನ ಅಕ್ಷರಗಳಲ್ಲಿ ಬರೆದು ತೋರಿಸಲು ಅಲ್ಲಿನವರೇ ಪರದಾಡುತ್ತಾರೆ. ಯು ಹಾಕಿ, ಇ ಹಾಕಿ, ಕೊನೆಗೆ ಒಂದು ಎಚ್ ಸೇರಿಸುತ್ತಾರೆ. ನಮಗೆ ಅದು ವ್ಯಂಜನದ ಜೊತೆಗೇ ಬರುತ್ತದೆ. ತೊಂದರೆ ಆದದ್ದು ಬೇರೆ ಕಡೆ. ಹೇಜ್‌ಬ್ರದ ಜಕಾರ ನಮ್ಮ ಜಕಾರವಲ್ಲ, ಜೇನುಹುಳ ಗುಂಯ್‌ಗುಟ್ಟುವ ಸದ್ದು. ಅದಕ್ಕೆ ಜ ಕೆಳಗೆ ಎರಡು ಚುಕ್ಕಿ ಇಟ್ಟುಕೊಂಡೆ. ನಮಗೆ ವ ಒಂದೇ, ಅವರಿಗೆ ಎರಡು. ವೆಲ್ಸ್ ಅನ್ನುವ ಊರನ್ನು ತುಟಿ ಗುಂಡಗೆ ಮಾಡಿ ಹೇಳಬೇಕು, ಹಲ್ಲು ತುಟಿಗೆ ತಾಗಕೂಡದು. ಅದಕ್ಕೆ ವ ಸುತ್ತ ಒಂದು ಸೊನ್ನೆ ಹಾಕಿಕೊಂಡೆ. ನಾರಿಚ್‌ನ ಮೊದಲ ಸ್ವರ ಆ ಅಲ್ಲ, ಒ ಕೂಡ ಅಲ್ಲ. ಅದಕ್ಕೆ ಗುರುತು ಸಿಗಲೇ ಇಲ್ಲ, ಕಿವಿಯನ್ನೇ ನಂಬಬೇಕಾಯಿತು. ಹಳೆಯ ಮಕ್ಕಳ ಪದ್ಯವೊಂದರಲ್ಲಿ ನಾರಿಚ್‌ಗೆ ಪಾರಿಜ್, ಅಂದರೆ ಗಂಜಿ, ಪ್ರಾಸವಾಗಿ ಬರುತ್ತದೆ ಅಂತ ಹಾಬಿಸ್‌ನ ಅಜ್ಜಿಯೇ ಆಮೇಲೊಂದು ದಿನ ಹೇಳಿಕೊಟ್ಟರು. ಕೆಲವರು ಇಂದಿಗೂ ನಾರಿಜ್ ಅನ್ನುತ್ತಾರೆ, ಕೆಲವರು ನಾರಿಚ್. ಎರಡೂ ನಡೆಯುತ್ತದೆ, ಡಬ್ಲ್ಯೂ ಮಾತ್ರ ಕೇಳಿಸಬಾರದು. ಹಾಗಂತ ಇದನ್ನು ಪಕ್ಕದ ಜಿಲ್ಲೆಯ ಇಪ್ಸ್‌ವಿಚ್‌ಗೆ ಅನ್ವಯಿಸುವಂತಿಲ್ಲ. ಅಲ್ಲಿ ಡಬ್ಲ್ಯೂ ಚೆನ್ನಾಗಿಯೇ ಕೇಳಿಸಬೇಕು.

ಹೆಸರಿನ ಹಿಂದೆಯೇ ಅಲ್ಲಿನ ಮಾತಿನ ಧಾಟಿ ಬಂತು. ಒಂದು ಮಂಗಳವಾರ ಡ್ರೆಸ್ಸಿಂಗ್ ಬಿಚ್ಚುತ್ತಿದ್ದಾಗ ಅಜ್ಜ ನೋವಿನಿಂದ ಮುಖ ಹಿಂಡಿ, "ದ್ಯಾಟ್ ಹಟ್ ಹೇರ್" ಅಂದರು. ಹೇರ್ ಅಂದರೆ ಕೂದಲು. ಕಾಲಿನ ಕೂದಲು ಪ್ಲಾಸ್ಟರಿಗೆ ಸಿಕ್ಕಿಕೊಂಡಿದೆ ಅಂದುಕೊಂಡು ಅದನ್ನೇ ನಿಧಾನಕ್ಕೆ ಬಿಡಿಸುತ್ತಿದ್ದೆ. ಅವರು ಬಗ್ಗಿ ಬೆರಳಿಟ್ಟು ತೋರಿಸಿದರು, ಹಿಮ್ಮಡಿಯ ಮೇಲ್ಗಡೆ, ಹುಣ್ಣಿನಿಂದ ನಾಲ್ಕು ಬೆರಳು ಆಚೆ. ಅಲ್ಲಿ ಹೊಸದಾಗಿ ಕೆಂಪು ಹರಡಿತ್ತು, ಮುಟ್ಟಿದರೆ ಬಿಸಿ. ಅವರು ಹೇಳಿದ್ದು 'ಹಿಯರ್', 'ಇಲ್ಲಿ ನೋಯ್ತಿದೆ' ಅಂತ. ನಾರ್ಫೋಕ್‌ನ ಹಳೆಯ ಮಾತಿನಲ್ಲಿ ಹಿಯರ್ ಮತ್ತು ಹೇರ್ ಒಂದೇ. ಬಿಯರ್ ಮತ್ತು ಬೇರ್ ಕೂಡ ಒಂದೇ. ಇಟ್ ಅನ್ನುವ ಕಡೆ ದ್ಯಾಟ್ ಅನ್ನುತ್ತಾರೆ. ಹರ್ಟ್ಸ್ ಅನ್ನುವುದರ ಕೊನೆಯ ಎಸ್ ಬಿಡುತ್ತಾರೆ, 'ಅವನು ಹೋಗುತ್ತಾನೆ' ಅನ್ನುವುದಕ್ಕೆ ಹಿ ಗೋ ಅನ್ನುತ್ತಾರೆ. ಅವತ್ತೇ ಡಾಕ್ಟರಿಗೆ ಹೇಳಿ ಆ್ಯಂಟಿಬಯಾಟಿಕ್ ಶುರು ಮಾಡಿಸಿದೆವು. ಆ ಮೂರು ಪದವನ್ನು ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ.

ಅಲ್ಲಿಂದ ಮುಂದೆ ನೋಟ್‌ಬುಕ್ಕಿನ ಮೊದಲ ಪುಟಗಳಲ್ಲಿ ಊರು, ಕೊನೆಯ ಪುಟಗಳಲ್ಲಿ ಮಾತು. ಮ್ಯೂಸಿಕ್ ಅಲ್ಲಿ ಮೂಸಿಕ್, ಬ್ಯೂಟಿಫುಲ್ ಬೂಟಿಫುಲ್. 'ಆನ್ ದ ಹಹ್' ಅಂದರೆ ಓರೆಯಾಗಿದೆ ಅಂತ. ಒಬ್ಬ ಅಜ್ಜಿ ತನ್ನ ಬ್ಯಾಂಡೇಜ್ ಬಗ್ಗೆ ಹೀಗೆ ಹೇಳಿದಾಗ ಬಿಚ್ಚಿ ಮತ್ತೆ ಸುತ್ತಿದೆ. 'ಮಾರ್ಡಲ್' ಅಂದರೆ ಕೂತು ಹರಟುವುದು. 'ಡು' ಅನ್ನುವ ಪದವನ್ನು ಅವರು 'ಇಲ್ದಿದ್ರೆ' ಅನ್ನುವ ಅರ್ಥದಲ್ಲಿ ಬಳಸುತ್ತಾರೆ. ಬಾಗಿಲು ಹಾಕು, ಡು ಚಳಿ ಒಳಗೆ ಬರುತ್ತೆ. ಮಾತ್ರೆ ತಗೋಬೇಕು, ಡು ಮತ್ತೆ ಬಾವು ಬರುತ್ತೆ. ನಾರಿಚ್‌ನಲ್ಲೇ ಹುಟ್ಟಿದ ಭಾಷಾವಿಜ್ಞಾನಿ ಪೀಟರ್ ಟ್ರಡ್ಗಿಲ್ ಆ ನಗರದವರ ಮಾತು ವರ್ಗದಿಂದ ವರ್ಗಕ್ಕೆ, ಗಂಡಸರಿಂದ ಹೆಂಗಸರಿಗೆ ಹೇಗೆ ಬದಲಾಗುತ್ತದೆ ಅಂತ ಅಧ್ಯಯನ ಮಾಡಿ 1974ರಲ್ಲಿ ಪ್ರಕಟಿಸಿದರು. ಗಂಡಸರು ತಾವು ಆಡುವುದಕ್ಕಿಂತ ಹೆಚ್ಚು ಒರಟಾಗಿ ಆಡುತ್ತೇವೆ ಅಂತ ಹೇಳಿಕೊಳ್ಳುತ್ತಾರೆ, ಹೆಂಗಸರು ಅದಕ್ಕೆ ಉಲ್ಟಾ ಅನ್ನುವುದು ಅವರು ಗಮನಿಸಿದ ಸಂಗತಿ. ಹಾಬಿಸ್‌ನ ಅಜ್ಜಿ ಫೋನಿನಲ್ಲಿ ರೇಡಿಯೋ ಸುದ್ದಿಯ ಹಾಗೆ ಮಾತಾಡಿ, ಫೋನ್ ಇಟ್ಟು, ನನ್ನ ಕಡೆ ತಿರುಗಿ ಪಕ್ಕಾ ನಾರ್ಫೋಕ್‌ನಲ್ಲಿ ಮುಂದುವರಿಸಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ನಮ್ಮ ಅಮ್ಮ ಬ್ಯಾಂಕಿನ ಮ್ಯಾನೇಜರ್ ಹತ್ತಿರ 'ಇದೆ' ಅಂದು, ಹೊರಗೆ ಬಂದ ಕೂಡಲೇ 'ಐತೆ' ಅನ್ನುವುದೂ ಹೀಗೇ ಅಲ್ಲವೇ.

ನಮ್ಮ ತಂಡದಲ್ಲಿ ಇಂಗ್ಲೆಂಡಿನ ಎಲ್ಲ ದಿಕ್ಕಿನವರೂ ಇದ್ದರು. ಉತ್ತರದಿಂದ ಬಂದ ಗೆಳತಿಗೆ ಬಾತ್ ಪಟ್ಟಣ 'ಬ್ಯಾತ್', ದಕ್ಷಿಣದವಳಿಗೆ 'ಬಾತ್'. ನ್ಯೂಕಾಸಲ್‌ನವಳು ತನ್ನ ಊರಿನ ಒತ್ತನ್ನು ಎರಡನೆಯ ಭಾಗದ ಮೇಲೆ ಹಾಕಿ, ಅದನ್ನೂ ಮೊಟಕಾಗಿ, ನ್ಯೂ-ಕ್ಯಾಸಲ್ ಅನ್ನುತ್ತಿದ್ದಳು. ಲೆಸ್ಟರ್‌ಶೈರ್‌ನವಳೊಬ್ಬಳು ನನ್ನ ನೋಟ್‌ಬುಕ್ ನೋಡಿ, ವಿಂಡಮ್ ಸಾಲಿನ ಮೇಲೆ ಬೆರಳಿಟ್ಟು, ನಮ್ಮಲ್ಲೂ ಇದೇ ಸ್ಪೆಲಿಂಗಿನ ಊರಿದೆ, ಮೆಲ್ಟನ್ ಮೋಬ್ರೆ ಹತ್ತಿರ, ಅದನ್ನು 'ವೈಮಂಡಮ್' ಅಂತ ಪೂರ್ತಿ ಹೇಳುತ್ತೇವೆ ಅಂದಳು. ಒಂದೇ ಒಂಬತ್ತು ಅಕ್ಷರ, ಎರಡು ಊರು, ಎರಡು ಹೆಸರು. ಗಿಲ್ಲಿಂಗ್‌ಹ್ಯಾಮ್ ಅಂತ ಬರೆಯುವ ಊರು ನಾರ್ಫೋಕ್‌ನಲ್ಲೂ ಡಾರ್ಸೆಟ್‌ನಲ್ಲೂ ಗಿಲಿಂಗಮ್, ಕೆಂಟ್‌ನಲ್ಲಿ ಜಿಲಿಂಗಮ್. ಇಲ್ಲಿಗೆ ನಾನು ನಿಯಮ ಹುಡುಕುವುದನ್ನು ಬಿಟ್ಟೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿದ್ದ 'ಹ್ಯಾಮ್ ಇದ್ದರೆ ಅಮ್' ಅನ್ನುವಂಥ ಸೂತ್ರಗಳನ್ನೆಲ್ಲ ಹೊಡೆದುಹಾಕಿದೆ. ಬಿಬಿಸಿಯವರು 1926ರಷ್ಟು ಹಿಂದೆಯೇ ಉಚ್ಚಾರ ನಿರ್ಧರಿಸಲು ವಿದ್ವಾಂಸರ ಸಮಿತಿ ಮಾಡಿಕೊಂಡು, 1930ರಲ್ಲಿ ಇಂಗ್ಲೆಂಡಿನ ಊರ ಹೆಸರುಗಳಿಗಾಗಿಯೇ ಒಂದು ಕಿರುಹೊತ್ತಿಗೆ ತಂದಿದ್ದರು. ಆ ದೇಶದವರಿಗೇ ತಮ್ಮ ಊರುಗ‌ಳ ಪಟ್ಟಿ ಬೇಕಾಗಿತ್ತು ಅಂದಮೇಲೆ ನನ್ನ ನೋಟ್‌ಬುಕ್ ಅತಿಯಾಯಿತು ಅನ್ನಿಸಲಿಲ್ಲ.

ಊರಿನವರಲ್ಲೇ ಒಮ್ಮತ ಇಲ್ಲದ ಹೆಸರುಗಳೂ ಇವೆ. ಹನ್‌ಸ್ಟ್ಯಾಂಟನ್ ಅನ್ನುವ ಕಡಲ ತೀರದ ಪಟ್ಟಣವನ್ನು ವಯಸ್ಸಾದ ಕೆಲವರು 'ಹನ್‌ಸ್ಟನ್' ಅನ್ನುತ್ತಾರೆ, ಉಳಿದವರು ಬರೆದ ಹಾಗೇ. 1862ರಲ್ಲಿ ರೈಲು ಬಂದ ಮೇಲೆ ಬೋರ್ಡು ಓದಿಕೊಂಡು ಇಳಿಯುವ ಜನ ಹೆಚ್ಚಾಗಿ ಅಕ್ಷರವೇ ಗೆದ್ದಿರಬೇಕು ಅಂತ ನನ್ನ ಊಹೆ. ಸ್ಟಿಫ್‌ಕೀ ಅನ್ನುವ ಹಳ್ಳಿಯ ಕಪ್ಪೆಚಿಪ್ಪು 'ಸ್ಟ್ಯೂಕಿ ಬ್ಲೂಸ್' ಅಂತ ಹೆಸರುವಾಸಿ. ಹಾಗಾದರೆ ಊರೂ ಸ್ಟ್ಯೂಕಿಯೇ ಅಂದರೆ, ಅಲ್ಲಿನವರಲ್ಲೇ ಕೆಲವರು "ಅಲ್ಲ, ಸ್ಟಿಫ್‌ಕೀ" ಅನ್ನುತ್ತಾರೆ. ಇಂಥ ಕಡೆ ನಾನು ಯಾರ ಮನೆಗೆ ಹೋಗುತ್ತೇನೋ ಅವರ ಹಾಗೇ ಹೇಳುತ್ತೇನೆ. ಎದುರಿನವರು ತಮ್ಮ ಊರನ್ನು ಹೇಗೆ ಕರೆಯುತ್ತಾರೋ ಹಾಗೆ ನಾವೂ ಕರೆದರೆ ಅವರ ಭುಜ ಸಡಿಲಾಗುವುದು ಕಣ್ಣಿಗೇ ಕಾಣುತ್ತದೆ. ಬಿಪಿ ನೋಡುವ ಮುಂಚೆ ಅದು ಬೇಕು.

ಎಲ್ಲರೂ ಅಜ್ಜನಂತಿರಲಿಲ್ಲ. ಒಂದು ಕ್ಲಿನಿಕ್ಕಿಗೆ ಫೋನ್ ಮಾಡಿ ರೋಗಿಯ ಊರು ಹೇಳಬೇಕಿತ್ತು. ಆಗಿನ್ನೂ ನನಗೆ ಪಾಜಿಕ್ ಗೊತ್ತಿರಲಿಲ್ಲ, ಪೋಸ್ಟ್‌ವಿಕ್ ಅಂದೆ. ಅರ್ಥವಾಗುತ್ತಿಲ್ಲ ಅಂದರು. ಸ್ಪೆಲಿಂಗ್ ಒಂದೊಂದೇ ಅಕ್ಷರ ಹೇಳಿದೆ. ಮತ್ತೆ ಹೇಳಿ ಅಂದರು. ಮೂರನೆಯ ಸಲ ಹೇಳುವಾಗ ಪಕ್ಕದಲ್ಲಿದ್ದವರ ಜೊತೆ ನಗುತ್ತಿದ್ದದ್ದು ನನಗೆ ಕೇಳಿಸಿತು. ಸರಿಯಾದ ಹೆಸರು ಮಾತ್ರ ಕೊನೆಯವರೆಗೂ ಹೇಳಿಕೊಡಲಿಲ್ಲ. ಆ ದಿನದ ನೋವು ನನಗೆ ಇನ್ನೂ ಹೋಗಿಲ್ಲ. ಗೊತ್ತಿಲ್ಲದವರದು ಕೇಳುವ ಕರ್ತವ್ಯವಾದರೆ ಗೊತ್ತಿದ್ದವರದು ಹೇಳಿಕೊಡುವ ಕರ್ತವ್ಯ ಅಂತ ನಾನು ನಂಬಿದ್ದೇನೆ. ನಮ್ಮೂರಿಗೆ ಬಂದು ಶಿವಮೊಗ್ಗ, ಹುಬ್ಬಳ್ಳಿ ಅಂತ ತೊದಲುವ ಹೊರಗಿನವರ ಎದುರಿಗೆ ನಾವು ನಡೆದುಕೊಳ್ಳುವ ರೀತಿಗೂ ಈ ಮಾತು ಸೇರುತ್ತದೆ.

ಅಜ್ಜ ಒಂದು ದಿನ ಕೇಳಿದರು, ನಿನ್ನ ಊರು ಯಾವುದು ಅಂತ. ನಾನು ಎಲ್ಲರಿಗೂ ಹೇಳುವ ಹಾಗೆ ಮೈಸೂರಿನ ಹತ್ತಿರ ಅಂದೆ. "ಮೈಸೋರ್" ಅಂದರು. ಈಗ ಇಂಗ್ಲಿಷಿನಲ್ಲೂ ಮೈಸೂರು ಅಂತಲೇ ಬರೆಯುತ್ತೇವೆ, 2014ರ ನವೆಂಬರ್ 1ಕ್ಕೆ ನಮ್ಮ ಹನ್ನೆರಡು ಊರುಗಳ ಇಂಗ್ಲಿಷ್ ಸ್ಪೆಲಿಂಗ್ ಬದಲಾಯಿತು ಅಂತ ಹೇಳಿದೆ. ನಿಮ್ಮವರು ನಮ್ಮ ಮಡಿಕೇರಿಯನ್ನು ಮರ್ಕೇರಾ ಅಂದರು, ಶ್ರೀರಂಗಪಟ್ಟಣವನ್ನು ಸೆರಿಂಗಪಟಮ್ ಅಂದರು ಅಂತಲೂ ಹೇಳಿದೆ. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರು ಅಲ್ಲಿನ ಯಾರನ್ನೂ ಕೇಳಲಿಲ್ಲವೇ?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. "ಹತ್ತಿರದ ಊರು ಬಿಡು, ನಿನ್ನ ಊರು ಹೇಳು" ಅಂದರು.

"ಅರ್ಕಲ್ಗೂಡು."

ಅವರು ಊರುಗೋಲು ಎತ್ತಿಕೊಂಡು ಎಲ್ಲಿ ಕುಟ್ಟಬೇಕು ಅಂತ ಕೇಳಿದರು. ಎಲ್ಲೂ ಜೋರಾಗಿ ಕುಟ್ಟುವ ಹಾಗಿಲ್ಲ, ಒಂದೇ ಸಮ ಹೋಗಬೇಕು ಅಂದೆ. ಅವರಿಗೆ ಅದು ಬಲು ಕಷ್ಟವಾಯಿತು. ರಕಾರ ಅವರ ಬಾಯಲ್ಲಿ ಕರಗಿಹೋಗುತ್ತಿತ್ತು, ಕೊನೆಯ ಡು ಬರುತ್ತಲೇ ಇರಲಿಲ್ಲ. ಆದರೂ ಅವತ್ತು ನಾಲ್ಕೂ ಪದರ ಸುತ್ತುವವರೆಗೆ ಹೇಳುತ್ತಲೇ ಇದ್ದರು. ಮುಂದಿನ ಶುಕ್ರವಾರ ಬಾಗಿಲು ತೆಗೆದವರೇ, ಹಲೋ ಅನ್ನುವ ಮೊದಲು, "ಆಕಲ್‌ಗೂಡು" ಅಂದರು. ಕೊನೆಯ ಡು ಬಂದಿತ್ತು. ಅಷ್ಟು ದೂರದಲ್ಲಿ, ಆ ಚಳಿಗಾಳಿಯಲ್ಲಿ, ಅರ್ಕೇಶ್ವರನ ಗುಡಿಯ ಬೀದಿ ಕಣ್ಣ ಮುಂದೆ ಬಂತು.

ಹೇಜ್‌ಬ್ರದ ಮಣ್ಣಿನ ದಂಡೆ ವರ್ಷವರ್ಷವೂ ಕುಸಿದು ಸಮುದ್ರಕ್ಕೆ ಬೀಳುತ್ತಿದೆ. ಕಡಲ ಕಡೆಯ ರಸ್ತೆಯ ಎಷ್ಟೋ ಮನೆಗಳು ಹಾಗೇ ಹೋಗಿವೆ. ಅದೇ ತೀರದಲ್ಲಿ 2013ರಲ್ಲಿ ಅಲೆಗಳು ಮರಳು ಸರಿಸಿದಾಗ ಎಂಟು ಲಕ್ಷ ವರ್ಷಕ್ಕೂ ಹಿಂದಿನ ಮನುಷ್ಯ ಹೆಜ್ಜೆಗಳು ಕಂಡವು, ಕೆಲವೇ ದಿನಗಳಲ್ಲಿ ಅಲೆಗಳೇ ಅವನ್ನು ಅಳಿಸಿದವು. 1790ರ ಕೆಂಪುಬಿಳಿ ಪಟ್ಟಿಯ ದೀಪಸ್ತಂಭ ಮಾತ್ರ ಇನ್ನೂ ಒಳನಾಡಿನ ಹೊಲದ ನಡುವೆ ನಿಂತಿದೆ. ಅಜ್ಜ ತಾನು ಹುಡುಗನಾಗಿ ಓಡಾಡಿದ ಹೊಲದ ಹೆಸರುಗಳನ್ನು ಹೇಳುತ್ತಿದ್ದರು. ಆ ಹೊಲಗಳೇ ಈಗ ಇಲ್ಲ. ಅವನ್ನೂ ಬರೆದುಕೊಂಡೆ. ಅವುಗಳಿಗೆ ಎಡಗಡೆ ಸ್ಪೆಲಿಂಗ್ ಇಲ್ಲ, ಬಲಗಡೆ ಕನ್ನಡ ಮಾತ್ರ ಇದೆ.

ಹದಿನಾಲ್ಕು ತಿಂಗಳಿಗೆ ಹುಣ್ಣು ಮುಚ್ಚಿತು. ಕೊನೆಯ ದಿನ ಬ್ಯಾಂಡೇಜಿನ ಬದಲು ಬಿಗಿ ಕಾಲುಚೀಲ ಹಾಕಿ ಕಾಗದ ಪತ್ರ ಮುಗಿಸುತ್ತಿದ್ದೆ. ನೋಟ್‌ಬುಕ್ ತೋರಿಸು ಅಂದರು. ತಮ್ಮ ಊರಿನ ಸಾಲನ್ನು ಹುಡುಕಿ ಎಡಗಡೆಯ ಅಕ್ಷರಗಳನ್ನು ಬೆರಳಿಟ್ಟು ಎಣಿಸಿದರು. ಹನ್ನೊಂದು. ಆಮೇಲೆ ಬಲಗಡೆ ಬೆರಳಿಟ್ಟರು.

"ಇಷ್ಟೇನಾ?"

"ನೀವು ಹೇಳುವುದೂ ಅಷ್ಟೇ ಅಲ್ಲವೇ?" ಅಂದೆ.

ಅವರು ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ನೋಡಿದರು. ಜ ಕೆಳಗಿನ ಎರಡು ಚುಕ್ಕಿ ಏನು ಅಂತ ಕೇಳಿದರು. ಜೇನುಹುಳದ ಸದ್ದು ಅಂದೆ. ಗೋಡೆಗೆ ಒರಗಿಸಿದ್ದ ಊರುಗೋಲು ತೆಗೆದುಕೊಂಡು, ಹೇಜ್ ಅಂತ ಒಮ್ಮೆ ಕುಟ್ಟಿದರು. ಆಮೇಲೆ ಕೋಲನ್ನು ಮೇಲೆ ಹಿಡಿದುಕೊಂಡು ನನ್ನ ಕಡೆ ನೋಡಿದರು. ಉಳಿದದ್ದನ್ನು ನಾನು ಹೇಳಿದೆ.